ಕೈಗೆ ಎರಡು ಸುತ್ತು: ಫಹಾಹೀಲ್ ಕಡಲಿನಲ್ಲಿ ಒಂದು ಸಂಜೆ

ಅಹ್ಮದಿ, ಶುಕ್ರವಾರ ಮಧ್ಯಾಹ್ನ

ಕುವೈತಿಗೆ ಹೋಗಿ ಬಂದೆ ಎಂದರೆ ಗದಗಿನಲ್ಲಿ ಎಲ್ಲರೂ ಕೇಳುವುದು ಎರಡೇ. ಬಿಸಿಲು ಹೇಗಿತ್ತು, ಬಂಗಾರ ತಂದಿರೋ ಇಲ್ಲವೋ. ಸಮುದ್ರ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆ ದೇಶದಲ್ಲಿ ಇದ್ದಷ್ಟು ದಿನಗಳಲ್ಲಿ ನನಗೆ ಗಳಿಗೆ ಗಳಿಗೆಯೂ ನೆನಪಿರುವುದು ಒಂದೇ ಒಂದು ಸಂಜೆ. ಆ ಸಂಜೆ ಪೂರ್ತಿ ನಾನು ಹೆದರಿಕೊಂಡೇ ಇದ್ದೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮಕ್ಕಳು ನನಗೆ ಹೆದರುತ್ತಿದ್ದರು, ಹೆಡ್‌ಮಾಸ್ತರರೂ ತುಸು ಹೆದರುತ್ತಿದ್ದರು. ನಾನು ಹೆದರುವುದು ನೀರಿಗೆ ಮಾತ್ರ. ಬಕೀಟಿನ ನೀರು, ಚರಿಗೆಯ ನೀರು ಪರವಾಗಿಲ್ಲ. ತಳ ಕಾಣದ ನೀರಿನ ಹತ್ತಿರ ಮಾತ್ರ ಸುಳಿಯುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯ ಪಕ್ಕ ಬಸ್ಸು ಹೋದರೂ ನಾನು ಆಚೆ ಬದಿಯ ಕಿಟಕಿಯನ್ನೇ ನೋಡುವವಳು.

ನನ್ನ ತಮ್ಮ ಬಸವರಾಜ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಟೆಕ್ನಿಷಿಯನ್. ನನಗಿಂತ ಹದಿಮೂರು ವರ್ಷ ಚಿಕ್ಕವನು. ಅವ್ವ ಬೇಗ ತೀರಿಕೊಂಡದ್ದರಿಂದ ಅವನಿಗೆ ಅನ್ನ ಕಲಸಿ ತಿನ್ನಿಸಿದವಳೂ ನಾನೇ, ಮಗ್ಗಿ ಕಲಿಸಿದವಳೂ ನಾನೇ. ಈಗ ಅವನಿಗೆ ತಲೆಗೂದಲು ಉದುರಿದೆ, ಹೊಟ್ಟೆ ಬಂದಿದೆ, ದೊಡ್ಡ ಕಾರು ಓಡಿಸುತ್ತಾನೆ. ಆದರೂ ನನ್ನ ಕಣ್ಣಿಗೆ ಅವನು ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡ ಹುಡುಗನೇ.

ಆ ಶುಕ್ರವಾರ ಊಟ ಮುಗಿಸಿ ನಾನು ಅಡ್ಡಾಗುವ ಹೊತ್ತಿಗೆ ಬಸು ಬಂದು ನಿಂತ.

"ಅಕ್ಕಾ, ದಯಣ್ಣ ದೋಣಿ ತಗೊಂಡು ಹೊಂಟಾರ. ಅಂಜಲ್ ಮೀನಿನ ಸೀಸನ್ ಐತಿ. ನೀನೂ ಬಾ."

"ನನಗೇನು ಹುಚ್ಚು ಹಿಡದೈತೇನ? ಮೀನ ತಿನ್ನೂದಿಲ್ಲ, ಮುಟ್ಟೂದಿಲ್ಲ. ಹಿಡಿಯಾಕ ಯಾಕ ಬರ್ಲಿ?"

"ಹಿಡಿಯಾಕ ಅಲ್ಲ, ನೋಡಾಕ. ಸೂರ್ಯಾ ಮುಳುಗೂದ್ರೊಳಗ ಮನಿಗೆ ಬರ್ತೀವಿ."

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಹೋಗುತ್ತಿರಲಿಲ್ಲ. ಆದರೆ ಸೋಫಾದ ಮೇಲೆ ಮೊಬೈಲ್ ಹಿಡಿದು ಕೂತಿದ್ದ ಅವನ ಮಗಳು ಅದಿತಿ ತಲೆ ಎತ್ತದೆಯೇ ಅಂದಳು, "ಪಪ್ಪಾ, ಲೀವ್ ಇಟ್. ಅತ್ತೆ ಈಸ್ ಸ್ಕೇರ್ಡ್." ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬರುತ್ತದೆ. ಹದಿನಾಲ್ಕು ವರ್ಷದ ಹುಡುಗಿಯ ಎದುರು ನನ್ನ ಮರ್ಯಾದೆ ಹೋಗುವುದುಂಟೇ? ಎದ್ದು ನಿಂತೆ. ಬಸುವಿನ ಹೆಂಡತಿ ಸವಿತಾ, ಸೀರೆಯಲ್ಲಿ ದೋಣಿ ಹತ್ತಬೇಡಿ ವೈನಿ ಎಂದು ತನ್ನದೊಂದು ಚೂಡಿದಾರ ಕೊಟ್ಟಳು. ಅರವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಚೂಡಿದಾರ ಹಾಕಿಕೊಂಡು, ಕನ್ನಡಿ ನೋಡದೆ ಹೊರಟುಬಿಟ್ಟೆ.

ಫಹಾಹೀಲ್

ದಯಾನಂದ ಮಲ್ಪೆಯ ಕಡೆಯವರು. ಫಹಾಹೀಲ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮೀನು ಹಿಡಿಯುವ ಮನೆತನದಲ್ಲಿ ಹುಟ್ಟಿ ಇಲ್ಲಿ ಬಿರಿಯಾನಿ ಬಿಲ್ಲು ನೋಡುವಂತಾಯಿತಲ್ಲ ಎಂಬ ದುಃಖ ಅವರಿಗೆ. ಹಾಗಾಗಿ ಅವರ ಕಫೀಲ್, ಅಂದರೆ ಕೆಲಸಕ್ಕೆ ಇಟ್ಟುಕೊಂಡ ಕುವೈತಿ ಯಜಮಾನ, ಶುಕ್ರವಾರಗಳಂದು ತನ್ನ ಪುಟ್ಟ ಫೈಬರ್ ದೋಣಿಯನ್ನು ಇವರ ಕೈಗೆ ಕೊಟ್ಟಿರುತ್ತಾನೆ. ಎರಡು ವರ್ಷದ ಹಿಂದೆ ಹೋಟೆಲಿನ ಅಡುಗೆಮನೆಯಲ್ಲಿ ಜಾರಿ ಬಿದ್ದು ದಯಾನಂದರ ಬಲಗೈ ಮುರಿದಿತ್ತು. ಒಳಗೆ ರಾಡ್ ಹಾಕಿದ್ದಾರೆ. ಕೈ ಭುಜದಿಂದ ಮೇಲೆ ಏಳುವುದಿಲ್ಲ, ಭಾರ ತಾಳುವುದಿಲ್ಲ. ಮೊದಲ ಸಲ ನನಗೆ ನಮಸ್ಕಾರ ಮಾಡಿದಾಗ ಒಂದೇ ಕೈ ಎತ್ತಿದರು. ಎಂಥ ಸೊಕ್ಕಿನ ಮನುಷ್ಯನಪ್ಪ ಅಂದುಕೊಂಡಿದ್ದೆ. ಆಮೇಲೆ ತಿಳಿದು ನಾಚಿಕೆಯಾಯಿತು.

ಐಸ್ ತೆಗೆದುಕೊಳ್ಳಲು ಮೀನು ಮಾರುಕಟ್ಟೆಯ ಮುಂದೆ ಕಾರು ನಿಲ್ಲಿಸಿದರು. ನಮ್ಮೂರ ಸಂತೆಯಲ್ಲಿ ಬದನೆಕಾಯಿ ಜೋಡಿಸಿದ ಹಾಗೆ ಒಳಗೆ ಮೀನು ಜೋಡಿಸಿದ್ದರು. ಬಸು ಕಾರಿನಿಂದ ಇಳಿಯುತ್ತಲೇ ಒಬ್ಬ ಬಂಗಾಳಿ ಮಾರಾಟಗಾರ ಎರಡೂ ಕೈ ಎತ್ತಿದ.

"ಬಸು ಭಾಯಿ! ಬಹುತ್ ದಿನ್ ಹೋ ಗಯಾ! ಆಪ್ ಕಾ ಝುಬೈದಿ ರಖಾ ಹೈ!"

ಝುಬೈದಿ ಎಂದರೆ ಪಾಂಪ್ಲೆಟ್ ಮೀನು ಎಂದು ಆ ಹೊತ್ತಿಗೆ ನನಗೂ ಗೊತ್ತಿತ್ತು. ನಾನು ತಮ್ಮನ ಮುಖ ನೋಡಿದೆ. ತಮ್ಮ ಐಸಿನ ಡಬ್ಬಿ ನೋಡಿದ.

"ಯಾರಲೇ ಅಂವ?"

"ಯಾರೋ... ಹಿಂಗ ಪರಿಚಯ."

"ಎಷ್ಟ ವರ್ಷದ ಪರಿಚಯ?"

ದಯಾನಂದ ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡರು. ಮನೆಯಲ್ಲಿ ನನ್ನೆದುರು ಬೆಳ್ಳುಳ್ಳಿ ಕೂಡ ಕೇಳಿ ಹಾಕುತ್ತಿದ್ದ ಭೂಪ, ಕದ್ದು ಮೀನು ತಿನ್ನುತ್ತಾನೆ! ಬೈಯಬೇಕೆಂದುಕೊಂಡೆ. ಆದರೆ ಎದುರಿಗೆ ಸಮುದ್ರ ಕಾಣಿಸುತ್ತಿತ್ತು, ಬೈಯುವ ಉಮೇದು ಹೋಗಿಬಿಟ್ಟಿತ್ತು.

ಶುಕ್ರವಾರದ ಸಂಜೆ ಇಲ್ಲಿಯವರು ಮನೆಯನ್ನೇ ದಂಡೆಗೆ ಹೊತ್ತುಕೊಂಡು ಬರುತ್ತಾರೆ. ನೆಲಕ್ಕೆ ಜಮಖಾನ, ಅದರ ಮೇಲೆ ದಿಂಬು, ಥರ್ಮಾಸಿನಲ್ಲಿ ಚಹಾ, ಒಂದು ಕಡೆ ಕಲ್ಲಂಗಡಿ ಬೀಜದ ಸಿಪ್ಪೆ. ನಮ್ಮಲ್ಲಿ ಹೊಳೆ ದಂಡೆಗೆ ಹೋದರೆ ಬಟ್ಟೆ ಒಗೆದು ಬರುತ್ತೇವೆ, ಸುಮ್ಮನೆ ಕೂರುವುದು ಗೊತ್ತಿಲ್ಲ. ದೋಣಿ ಇಳಿಸುವ ಇಳಿಜಾರಿನ ಪಕ್ಕದಲ್ಲಿ ಬಿಳಿ ನಿಲುವಂಗಿಯ ಒಬ್ಬ ಮುದುಕರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮಗೆ ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹಾ ಕೊಟ್ಟರು. ಗುರುತಿಲ್ಲ, ಪರಿಚಯವಿಲ್ಲ. ಆಮೇಲೆ ವಾಯವ್ಯದ ಆಕಾಶದ ಕಡೆ ಬೆರಳು ತೋರಿಸಿ, "ಹವಾ" ಎಂದು ಹೇಳಿ ಅಂಗೈಯನ್ನು ಮೇಲೆ ಕೆಳಗೆ ಆಡಿಸಿದರು.

"ಏನಂತಾರ?" ನಾನು ಕೇಳಿದೆ.

"ಗಾಳಿ ಬರಬಹುದು ಅಂತೆ ಟೀಚರ್," ಅಂದರು ದಯಾನಂದ. "ಬರುವ ಮೊದಲೇ ನಾವು ಬಂದಾಯ್ತು. ಎಂತ ಹೆದರಿಕೆ? ಇದು ನಮ್ಮ ಮಲ್ಪೆ ಕಡಲಿನ ಹಾಗೆ ಅಲ್ಲ. ಇದು ಪಾಪದ ಕಡಲು."

ಪಾಪದ ಕಡಲು ಅಂದರೆ ಅವರ ಕಡೆ ಸಾಧು ಕಡಲು ಎಂದರ್ಥ! ನನಗೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದರು. ಇನ್ನೊಂದಿದ್ದರೆ ಕೊಡಿ ಎಂದು ಕೇಳಿದೆ. ಬಸು ಗಹಗಹಿಸಿ ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ದಂಡೆ ಕಾಣುವವರೆಗೆ

ಅವರು ಮಾಡುವ ಟ್ರೋಲಿಂಗ್ ಎಂದರೆ ಮೀನಿಗಾಗಿ ಕಾಯುತ್ತ ಕೂರುವ ಗಾಳವಲ್ಲ. ದೋಣಿಯನ್ನು ನಿಧಾನಕ್ಕೆ ಓಡಿಸುತ್ತ, ಹಿಂದೆ ಉದ್ದನೆಯ ನೈಲಾನ್ ದಾರದಲ್ಲಿ ಒಂದು ತಗಡಿನ ಮೀನನ್ನು ಎಳೆದುಕೊಂಡು ಹೋಗುವುದು. ತಗಡು ನೀರಿನಲ್ಲಿ ಮಿರಮಿರ ಮಿಂಚುತ್ತ ಹೊರಳುತ್ತದೆ. ಅಂಜಲ್ ಅದನ್ನು ಓಡಿಹೋಗುತ್ತಿರುವ ಬಡಪಾಯಿ ಮೀನೆಂದು ತಿಳಿದು ಬೆನ್ನಟ್ಟಿ ಬಂದು ನುಂಗುತ್ತದೆ. ಮೋಸದ ಕೆಲಸ. ಆದರೂ ಹೇಳಬೇಕು, ನೋಡಲು ಚಂದವಿತ್ತು. ದೋಣಿಯ ಹಿಂದೆ ಹಾಲಿನ ನೊರೆಯಂಥ ದಾರಿ, ಬಲಗಡೆ ದೂರದಲ್ಲಿ ಫಹಾಹೀಲ್‌ನ ಕಟ್ಟಡಗಳು, ಅವುಗಳ ಹಿಂದೆ ಇಳಿಯುತ್ತಿರುವ ಸೂರ್ಯ.

ಎರಡು ಗಾಳದ ಕೋಲುಗಳನ್ನು ದೋಣಿಯ ಎರಡು ಮೂಲೆಗೆ ಸಿಕ್ಕಿಸಿದ್ದರು. ಬಸು ಅವುಗಳ ನಡುವೆ ನಿಂತಿದ್ದ. ನನ್ನ ಗಮನ ನೀರಿನಿಂದ ತಪ್ಪಿಸಲೆಂದು ದಯಾನಂದ ಕೋಲಿಲ್ಲದ ಒಂದು ಕೈದಾರವನ್ನು ನನಗೆ ಕೊಟ್ಟರು.

"ಬೆರಳಲ್ಲಿ ಹಿಡ್ಕೊಳ್ಳಿ ಟೀಚರ್, ಆಯ್ತಾ? ಸುಮ್ಮನೆ ಬೆರಳಲ್ಲಿ. ಜಗ್ಗಿದ ಹಾಗೆ ಆದ್ರೆ ಬಿಟ್ಟುಬಿಡಿ, ನಮಗೆ ಹೇಳಿ."

ನಾನು ತಲೆ ಆಡಿಸಿದೆ. ಎಂಜಿನ್ ಸದ್ದಿನಲ್ಲಿ ಅರ್ಧ ಕೇಳಿತ್ತು, ಅರ್ಧ ಕೇಳಿರಲಿಲ್ಲ. ಕೇಳಿದ್ದರೂ ಪ್ರಯೋಜನವಾಗುತ್ತಿರಲಿಲ್ಲವೇನೋ. ನಮ್ಮ ಊರಿನ ಬಾವಿಗಳು ಆಳ. ಕೊಡ ಬಿಡುವ ಮೊದಲು ಹಗ್ಗದ ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಳ್ಳಬೇಕು. ಸುತ್ತಿಕೊಳ್ಳದೆ ಬಿಟ್ಟರೆ ಹಗ್ಗ ಸಮೇತ ಕೊಡ ಬಾವಿ ಪಾಲು, ಮನೆಗೆ ಹೋದರೆ ಅವ್ವನ ಬೈಗುಳ. ಏಳನೆಯ ವಯಸ್ಸಿಗೆ ಕಲಿತ ವಿದ್ಯೆ ಅದು. ತಲೆಗೆ ಕೇಳುವುದೇ ಇಲ್ಲ, ಕೈ ತಾನೇ ಮಾಡಿಬಿಡುತ್ತದೆ. ಬಾವಿಯ ಕಟ್ಟೆಯ ಮೇಲೆ ನಿಂತವಳ ಹಾಗೆ ನಾನು ಆ ನೈಲಾನ್ ದಾರವನ್ನು ಬಲ ಅಂಗೈಗೆ ಎರಡು ಸುತ್ತು ಸುತ್ತಿ, ಗಟ್ಟಿಯಾಗಿ ಮುಷ್ಟಿ ಹಿಡಿದು ಕೂತೆ. ಮೇಲಿನಿಂದ ಜಾಕೆಟ್ಟಿನ ಅಂಚು ಮುಚ್ಚಿತ್ತು. ಯಾರೂ ನೋಡಲಿಲ್ಲ.

ಆಗ್ನೇಯ ದಿಕ್ಕಿಗೆ, ಸಮುದ್ರದ ನಡುವೆ, ಕಂಬಗಳ ಮೇಲೆ ನಿಂತ ಒಂದು ಕಟ್ಟೆ ಕಾಣಿಸುತ್ತಿತ್ತು. ಅದಕ್ಕೆ ಒರಗಿಕೊಂಡು ಒಂದು ಎಣ್ಣೆ ಹಡಗು ನಿಂತಿತ್ತು. ನಮ್ಮ ಓಣಿಯಷ್ಟು ಉದ್ದದ ಹಡಗು.

"ಅದರ ಹತ್ರ ಹೋಗ್ತೀರೇನು?" ಎಂದು ಕೇಳಿದೆ.

"ಅಯ್ಯೋ ಇಲ್ಲ ಮಾರಾಯ್ರೆ! ಅಲ್ಲಿ ಹಳದಿ ಬೋಯ್, ಗಡಿಯ ಗುರುತಿನ ಡ್ರಮ್ಮು, ತೇಲ್ತಾ ಉಂಟಲ್ಲ, ಅದನ್ನು ದಾಟುವ ಹಾಗೇ ಇಲ್ಲ. ದಾಟಿದ್ರೆ ಖಲಾಸ್. ಮತ್ತೆ ಅಲ್ಲಿ ಅಲೆ ಕಂಬಕ್ಕೆ ಬಡಿದು ವಾಪಸ್ ಬರ್ತದೆ. ನಮ್ಮಂಥ ದೋಣಿ ಸಿಕ್ಕಿದ್ರೆ ಮೊಟ್ಟೆ ಒಡೆದ ಹಾಗೆ."

ಕೇಳಬಾರದಿತ್ತು ಅನಿಸಿತು.

ಮುಕ್ಕಾಲು ಗಂಟೆ ಸುತ್ತಿದೆವು. ಏನೂ ಸಿಗಲಿಲ್ಲ. ಒಂದು ಸಲ ತಲೆ ಎತ್ತಿ ನೋಡುತ್ತೇನೆ, ಫಹಾಹೀಲ್ ಇಲ್ಲ. ಕಟ್ಟಡಗಳಿದ್ದ ಕಡೆ ಕಂದು ಬಣ್ಣದ ದೂಳಿನ ಪರದೆ ಇಳಿಬಿದ್ದಿತ್ತು. ಸೂರ್ಯ ಅದರೊಳಗೆ ಸಿಕ್ಕಿ ಮಾಸಿದ ತಟ್ಟೆಯಾಗಿದ್ದ. ಮುಖಕ್ಕೆ ಸಣ್ಣ ಮರಳು ಹೊಡೆಯಿತು. ಆವರೆಗೆ ತೊಟ್ಟಿಲಿನಂತೆ ತೂಗುತ್ತಿದ್ದ ದೋಣಿ ಕುಕ್ಕತೊಡಗಿತು.

"ಗಾಳಿ ಬಂತು," ಅಂದರು ದಯಾನಂದ. ದನಿಯಲ್ಲಿ ನಗು ಇರಲಿಲ್ಲ. "ಬಸು, ದಾರ ಎಲ್ಲ ಎಳ್ಕೊಳ್ಳಿ. ಯಲ್ಲಾ, ಹೋಗುವ."

ಆ ಕ್ಷಣಕ್ಕೇ ಅಂಜಲ್ ನನ್ನ ತಗಡನ್ನು ನುಂಗಿತು.

ದಂಡೆ ಕಾಣದಲ್ಲಿ

ಜಗ್ಗಿದ ಹಾಗೆ ಆಗುತ್ತದೆ ಎಂದಿದ್ದರಲ್ಲ, ಅದು ಸುಳ್ಳು. ಯಾರೋ ನನ್ನ ತೋಳನ್ನು ಭುಜದಿಂದ ಕಿತ್ತುಕೊಂಡು ಓಡಿದ ಹಾಗಾಯಿತು. ಕೂತಲ್ಲಿಂದ ಎದ್ದು ದೋಣಿಯ ಅಂಚಿಗೆ ಎದೆ ಬಡಿದುಕೊಂಡು ಬಿದ್ದೆ. ದಾರ ಅಂಗೈಯೊಳಗೆ ಇಳಿಯಿತು. ಬಿಡೋಣವೆಂದರೆ ಬಿಡಲು ಬರುವುದಿಲ್ಲ. ಎರಡು ಸುತ್ತು ಹಾಗೇ ಬಿಗಿದು ಕೂತಿದೆ. ನನ್ನ ಮುಖದಿಂದ ಒಂದು ಗೇಣು ಕೆಳಗೆ ನೀರು. ತಳ ಕಾಣದ, ಕಪ್ಪು ಹಸಿರು ನೀರು.

"ಬಸೂ!" ಎಂದು ಕಿರುಚಿದೆ. ಇಷ್ಟು ವರ್ಷ ಅವನನ್ನು ಬೈಯಲು ಕೂಗಿದ್ದೆ, ಕಾಪಾಡು ಎಂದು ಅದೇ ಮೊದಲು ಕೂಗಿದ್ದು.

ಬಸು ಹಾರಿ ಬಂದು ನನ್ನ ಸೊಂಟ ತಬ್ಬಿ ಹಿಡಿದ. "ಕೈಗೆ ಸುತ್ತಿಕೊಂಡಾಳ್ರೀ ದಯಣ್ಣ! ದಾರ ಸಡ್ಲ ಮಾಡ್ರಿ!" ದಾರ ಸಡಿಲಾಗಬೇಕಾದರೆ ದೋಣಿ ಮೀನಿನ ಕಡೆಗೆ ಹೋಗಬೇಕು. ದಯಾನಂದ ಎಂಜಿನನ್ನು ಹಿಂದಕ್ಕೆ ತಿರುಗಿಸಿದರು. ಬೇರೆ ದಾರಿ ಇರಲಿಲ್ಲ. ದೋಣಿ ಹಿಂದೆ ಸರಿಯಿತು, ದಾರ ಸಡಿಲಾಯಿತು, ಬಸು ಒಂದು ಸುತ್ತು ಬಿಡಿಸಿದ. ಆಗ ಸಡಿಲಾದ ದಾರ ದೋಣಿಯ ಅಡಿಗೆ ಹೋಯಿತು. ಕೆಳಗಿನಿಂದ ಧಡ್ ಎಂದು ಸದ್ದು. ನನ್ನ ಕೈಯಿಂದ ದಾರ ಪಟಕ್ಕನೆ ತುಂಡಾಗಿ ಹೋಯಿತು. ಎಂಜಿನ್ ನಿಂತಿತು.

ಎಂಜಿನ್ ನಿಂತ ಮೇಲೆ ಗಾಳಿಯ ಸದ್ದು ಎಷ್ಟಿದೆ ಎಂದು ತಿಳಿಯಿತು.

ದಯಾನಂದ ಹಿಂದೆ ಬಗ್ಗಿ ನೋಡಿದರು. ನೈಲಾನ್ ದಾರ ಎಂಜಿನ್ನಿನ ಫ್ಯಾನಿಗೆ ಸುತ್ತಿ ಗಂಟುಗಂಟಾಗಿ ಕಚ್ಚಿಕೊಂಡಿತ್ತು. ಎಂಜಿನನ್ನು ನೀರಿನಿಂದ ಮೇಲೆತ್ತುವ ಬಟನ್ ಒತ್ತಿದರು. ಗುರ್ ಎಂದು ಸ್ವಲ್ಪ ಎದ್ದಿತು, ಅರ್ಧಕ್ಕೇ ನಿಂತುಬಿಟ್ಟಿತು. ಫ್ಯಾನು ಇನ್ನೂ ನೀರಿನಲ್ಲೇ ಇತ್ತು, ಮೇಲಿನಿಂದ ಕೈಗೆ ಎಟಕುವುದಿಲ್ಲ. ಲಂಗರು ಎಸೆದರು. ಹಗ್ಗ ಪೂರ್ತಿ ಹೋಯಿತು, ಲಂಗರು ಕಚ್ಚಲಿಲ್ಲ, ತಳದ ಮರಳಿನಲ್ಲಿ ತೆವಳುತ್ತಿತ್ತು. ಫೋನು ಮಾಡಿದರು. ಅರಬ್ಬಿಯಲ್ಲಿ ಏನೇನೋ ಹೇಳಿ, ಇಟ್ಟು, ನಮ್ಮ ಕಡೆ ತಿರುಗಿದರು.

"ಕೋಸ್ಟ್ ಗಾರ್ಡ್ ಬರ್ತಾರೆ. ಅರ್ಧ ಗಂಟೆ ಅಂತೆ."

ನಾನು ಆಗ್ನೇಯಕ್ಕೆ ನೋಡಿದೆ. ಗಾಳಿ ನಮ್ಮನ್ನು ತಳ್ಳುತ್ತಿದ್ದದ್ದು ಅದೇ ಕಡೆಗೆ. ಆಗ ಓಣಿಯಷ್ಟು ಉದ್ದ ಕಂಡಿದ್ದ ಹಡಗು ಈಗ ಊರಿನಷ್ಟಾಗಿತ್ತು. ಕಂಬಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಗಣಿತದವಳಲ್ಲವೇ, ತಲೆ ಬೇಡವೆಂದರೂ ಲೆಕ್ಕ ಹಾಕಿತು. ಇಷ್ಟು ಹೊತ್ತಿನಲ್ಲಿ ಇಷ್ಟು ದೂರ ಬಂದಿದ್ದರೆ ಉಳಿದ ದೂರಕ್ಕೆ ಎಷ್ಟು ಹೊತ್ತು? ಹದಿನೈದು ನಿಮಿಷ. ಅರ್ಧ ಗಂಟೆ ನಮ್ಮ ಬಳಿ ಇರಲಿಲ್ಲ.

ಕೈಯಿಂದ ರಕ್ತ ಚೂಡಿದಾರದ ಮೇಲೆ ಸುರಿಯುತ್ತಿತ್ತು. ನೋವು ಗೊತ್ತೇ ಆಗುತ್ತಿರಲಿಲ್ಲ. "ನನ್ನಿಂದಾತು, ನನ್ನಿಂದಾತು," ಎಂದು ಒಂದೇ ಸಮನೆ ಹೇಳುತ್ತಿದ್ದೆನಂತೆ. ಅತ್ತದ್ದೂ ನೆನಪಿಲ್ಲ. ಬಸು ಹೇಳಿದ ಮೇಲೆ ಗೊತ್ತಾದದ್ದು.

ಏಣಿ

ದೋಣಿಯ ಹಿಂಬದಿಯಲ್ಲಿ ನಾಲ್ಕು ಮೆಟ್ಟಿಲಿನ ಕಬ್ಬಿಣದ ಏಣಿ ಇತ್ತು. ಅದನ್ನು ಇಳಿದು ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ದಾರ ಕತ್ತರಿಸಬೇಕು. ದಯಾನಂದ ಅಂಗಿ ಬಿಚ್ಚತೊಡಗಿದರು.

"ನಾನು ಇಳೀತೇನೆ."

"ಯಾವ ಕೈಲೆ ಏಣಿ ಹಿಡೀತೀರಿ, ಯಾವ ಕೈಲೆ ಕೊಯ್ತೀರಿ?" ಬಸು ಅವರ ಭುಜ ಒತ್ತಿ ಕೂರಿಸಿದ. "ನೀವು ಲಂಗರ ನೋಡ್ರಿ. ನಾ ಇಳೀತೀನಿ."

"ಕಡಲು ಉಂಟು ಬಸು, ತಮಾಷೆ ಅಲ್ಲ. ನಿಮಗೆ ಈಜು ಬರ್ತದಾ?"

"ಬರ್ತೈತ್ರಿ. ಕಂಪನಿ ಪೂಲ್‌ಗೆ ವಾರಕ್ಕ ಮೂರು ದಿನ ಹೊಕ್ಕೀನಿ." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಅಕ್ಕಾ, ಅಂಜಬ್ಯಾಡ. ನೀ ಹಗ್ಗ ಹಿಡಿ. ಈ ಸಲ ಕೈಗೆ ಸುತ್ತಬ್ಯಾಡ ಮತ್ತ."

ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದಯಾನಂದ ದೋಣಿಯ ಗೂಟಕ್ಕೆ ಬಿಗಿದರು. ನಡುವಿನ ಹಗ್ಗ ನನ್ನ ಕೈಯಲ್ಲಿ. ಅವನು ಇಳಿದಂತೆ ಬಿಡಬೇಕು, ಎಳೆ ಎಂದರೆ ಎಳೆಯಬೇಕು. ಮೀನು ಕೊಯ್ಯುವ ಚಾಕು ಹಿಡಿದು ಬಸು ಜಾಕೆಟ್ ಹಾಕಿಕೊಂಡೇ ಇಳಿದ. ಎದೆಯುಬ್ಬಿದ ಆ ಜಾಕೆಟ್ ಎಂಜಿನ್ನಿಗೂ ಏಣಿಗೂ ನಡುವೆ ಸಿಕ್ಕಿಕೊಂಡಿತು. ಕೈ ಫ್ಯಾನಿನವರೆಗೆ ಹೋಗುತ್ತಿಲ್ಲ. ಮೇಲೆ ಬಂದ. ಜಾಕೆಟ್ ಬಿಚ್ಚಿದ.

"ಬ್ಯಾಡೋ!" ಅಂದೆ.

"ಬಿಚ್ಚಬೇಡಿ ಬಸು," ಅಂದರು ದಯಾನಂದ.

ಅವನು ಜಾಕೆಟ್ಟನ್ನು ನನ್ನ ಕಾಲ ಬಳಿ ಎಸೆದು ಇಳಿದುಬಿಟ್ಟ.

ಆ ಹತ್ತು ನಿಮಿಷವನ್ನು ನಾನು ಹೇಗೆ ಹೇಳಲಿ? ಅಲೆ ಬಂದಾಗಲೆಲ್ಲ ದೋಣಿಯ ಹಿಂಭಾಗ ಮೇಲೆದ್ದು ಧಪ್ಪನೆ ಕೆಳಗೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಬಸು ಎದೆಯವರೆಗೆ, ಕತ್ತಿನವರೆಗೆ ಮುಳುಗುತ್ತಿದ್ದ. ಉಗುಳುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆ ಕೊಯ್ಯುತ್ತಿದ್ದ. ನೈಲಾನ್ ಒಂದೊಂದೇ ಎಳೆ ಬರುತ್ತಿತ್ತು. ಅವನ ಬೋಳುತಲೆ ನೀರಿನಿಂದ ಹೊರಗೆ ಬಂದಾಗ ಉಸಿರಾಡುತ್ತಿದ್ದೆ, ಒಳಗೆ ಹೋದಾಗ ಬಿಗಿಹಿಡಿಯುತ್ತಿದ್ದೆ. ದೇವರ ಹೆಸರು ಬಾಯಿಗೆ ಬರಲಿಲ್ಲ. ಬಂದದ್ದು ಹದಿನೇಳರ ಮಗ್ಗಿ. ಹದಿನೇಳೊಂದಲೆ ಹದಿನೇಳು, ಹದಿನೇಳೆರಡಲೆ ಮೂವತ್ನಾಲ್ಕು. ಯಾಕೆ ಎಂದು ನನಗೂ ಗೊತ್ತಿಲ್ಲ.

"ಬೋಯ್ ಹತ್ರ ಬಂದೆವು," ಎಂದು ಮುಂಬದಿಯಿಂದ ದಯಾನಂದ ಕೂಗಿದರು. ಹಳದಿ ಬೋಯ್ ನಮ್ಮ ಎಡಗಡೆ ಕುಣಿಯುತ್ತ ಹಿಂದೆ ಹೋಯಿತು. ಹಡಗಿನ ಕಡೆಯಿಂದ ಧ್ವನಿವರ್ಧಕದಲ್ಲಿ ಯಾರೋ ಅರಬ್ಬಿಯಲ್ಲಿ ಗದರಿಸಿದರು. ಕಂಬಗಳ ಬುಡದಲ್ಲಿ ಅಲೆ ಬಡಿದು ಬಿಳಿಯಾಗಿ ಚಿಮ್ಮುವುದು ಕಾಣುತ್ತಿತ್ತು, ಅದರ ಸದ್ದೂ ಕೇಳುತ್ತಿತ್ತು.

ಹಡಗಿಗೆ ಬಡಿದು ಮರಳಿದ ಅಲೆಯೊಂದು ತಿರುಗುಮುರುಗಾಗಿ ನಮ್ಮ ಹಿಂದಿನಿಂದ ಬಂದದ್ದು ಆಗಲೇ. ದೋಣಿ ಎದ್ದಿತು. ಬಸುವಿನ ಕಾಲು ಏಣಿಯಿಂದ ಜಾರಿತು. ಅವನ ಕೈ ಏಣಿ ಬಿಟ್ಟದ್ದನ್ನು ನಾನು ನೋಡಿದೆ. ಐದು ಬೆರಳೂ ಬಿಡಿಸಿಕೊಂಡದ್ದನ್ನು ನೋಡಿದೆ. ತಲೆ ಹೋಯಿತು, ಕೈ ಹೋಯಿತು, ನೀರು ಮುಚ್ಚಿಕೊಂಡಿತು.

ಹಗ್ಗ ಸರ್ರನೆ ನನ್ನ ಗಾಯದ ಮೇಲೆ ಉಜ್ಜಿಕೊಂಡು ಓಡಿ ಬಿಗಿಯಾಯಿತು. ನಾನು ಎಳೆದೆ. ಮೊಣಕಾಲನ್ನು ದೋಣಿಯ ಅಂಚಿಗೆ ಕೊಟ್ಟು, ಹೊಟ್ಟೆಯಿಂದ ಎಳೆದೆ. ದಯಾನಂದ ಲಂಗರಿನ ಹಗ್ಗ ಬಿಟ್ಟು ಓಡಿ ಬಂದು ಒಂದೇ ಕೈಯಲ್ಲಿ ನನ್ನ ಹಿಂದೆ ಹಗ್ಗಕ್ಕೆ ಜೋತುಬಿದ್ದರು. ಎಷ್ಟು ಹೊತ್ತು? ಹದಿನೇಳರ ಮಗ್ಗಿ ನಿಂತುಹೋಗಿತ್ತು, ಲೆಕ್ಕ ಗೊತ್ತಿಲ್ಲ. ಬೋಳುತಲೆ ಮೇಲೆ ಬಂತು. ಬಾಯಿ ತೆರೆದು ಗಾಳಿಯನ್ನು ಕಚ್ಚಿದ ಹಾಗೆ ಎಳೆದುಕೊಂಡ. ಕೈ ತಡಕಾಡಿ ಏಣಿ ಹಿಡಿಯಿತು.

"ಮ್ಯಾಲ ಬಾರಪ್ಪಾ, ಸಾಕು, ಮ್ಯಾಲ ಬಾ," ಅಂದೆ.

"ಒಂದ ಎಳಿ ಉಳದೈತಿ," ಅಂದ. ಚಾಕು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಉಸಿರು ತೆಗೆದುಕೊಂಡು ಮತ್ತೆ ಬಗ್ಗಿದ.

ಆ ಒಂದು ಎಳೆ ಬಂತು. ನಾವಿಬ್ಬರೂ ಅವನ ಕಂಕುಳಿಗೆ ಕೈ ಹಾಕಿ ಒಳಗೆ ಎಳೆದುಕೊಂಡೆವು. ದಯಾನಂದ ಕೀಲಿ ತಿರುಗಿಸಿದರು. ಒಂದು ಸಲ ಕೆಮ್ಮಿತು, ಎರಡನೆಯ ಸಲ ಕೆಮ್ಮಿತು, ಮೂರನೆಯ ಸಲ ಎಂಜಿನ್ ಹೊತ್ತಿಕೊಂಡಿತು. ಕಂಬಗಳಿಗೂ ನಮಗೂ ನಡುವೆ ಶಾಲೆಯ ಮೈದಾನದಷ್ಟು ನೀರಿತ್ತು.

ಮರಳಿ ಫಹಾಹೀಲ್

ಕೋಸ್ಟ್ ಗಾರ್ಡಿನ ದೋಣಿ ಎದುರಾದದ್ದು ಬೋಯ್ ದಾಟಿ ಈಚೆ ಬಂದ ಮೇಲೆ. ದಯಾನಂದ ಕೈ ಮುಗಿಯುವಷ್ಟು ವಿನಯದಿಂದ ಎಲ್ಲ ಹೇಳಿದರು. ಕೋಸ್ಟ್ ಗಾರ್ಡಿನವರು ನನ್ನ ಕೈ ನೋಡಿದರು, ನೀರಿಳಿಯುತ್ತಿದ್ದ ಬಸುವನ್ನು ನೋಡಿದರು, ಗುರುತಿನ ಚೀಟಿಗಳ ಫೋಟೋ ತೆಗೆದುಕೊಂಡರು. ಒಬ್ಬ ಯುವಕ ತಲೆ ಅಲ್ಲಾಡಿಸಿ "ಯಲ್ಲಾ, ಯಲ್ಲಾ" ಎಂದು ದಂಡೆಯ ಕಡೆ ಕೈ ಬೀಸಿದ. ನಮ್ಮ ಹಿಂದೆಯೇ ದಂಡೆಯವರೆಗೂ ಬಂದರು.

ಇಳಿಜಾರಿನ ಪಕ್ಕದಲ್ಲಿ ಆ ಮುದುಕರು ಇನ್ನೂ ಇದ್ದರು. ಜಮಖಾನದವರೆಲ್ಲ ಎದ್ದು ಹೋಗಿದ್ದರು, ಇವರು ಮಾತ್ರ ಮುಖಕ್ಕೆ ಬಟ್ಟೆ ಸುತ್ತಿಕೊಂಡು ದೂಳಿನಲ್ಲಿ ಸಮುದ್ರ ನೋಡುತ್ತ ನಿಂತಿದ್ದರು. ನಮ್ಮನ್ನು ಕಂಡು "ಅಲ್‌ಹಮ್ದುಲಿಲ್ಲಾ" ಎಂದು ಜೋರಾಗಿ ದೇವರಿಗೆ ವಂದನೆ ಹೇಳಿ, ಕಾರಿನಿಂದ ಟಿಶ್ಯೂ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ಆ ದೇಶದಲ್ಲಿ ಟಿಶ್ಯೂ ಡಬ್ಬಿ ಇಲ್ಲದ ಕಾರಿಲ್ಲ. ಬಾಟಲಿ ನೀರು ಸುರಿದು ನನ್ನ ಅಂಗೈ ತೊಳೆಸಿ, ಒಂದು ಕಟ್ಟು ಟಿಶ್ಯೂ ಒತ್ತಿಟ್ಟು, ಮೀನು ಸಿಕ್ಕಿತೇ ಎಂದು ಸನ್ನೆಯಲ್ಲಿ ಕೇಳಿದರು. ಇಲ್ಲ ಎಂದು ತಲೆ ಆಡಿಸಿದೆ. ಅವರಿಗೆ ನಿಜಕ್ಕೂ ಬೇಸರವಾಯಿತು.

ಹೊರಡುವಾಗ ದಯಾನಂದ ಬಸುವಿನ ಕೈ ಹಿಡಿದುಕೊಂಡು, "ನೀವು ಇಲ್ಲದಿದ್ರೆ ಇವತ್ತು..." ಎಂದು ಅಲ್ಲಿಗೇ ನಿಲ್ಲಿಸಿದರು. "ಮನಿಗೆ ಹೋಗ್ರಿ ದಯಣ್ಣ, ಬಿಸಿ ಚಾ ಕುಡೀರಿ," ಅಂದ ಬಸು. ಇವನು ನನ್ನ ತಮ್ಮ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು.

ಕಾರಿನಲ್ಲಿ ಕೂತೆವು. ಬಸು ಸ್ಟಿಯರಿಂಗ್ ಹಿಡಿದ, ಕಾರು ಚಾಲೂ ಮಾಡಲಿಲ್ಲ. ಒದ್ದೆ ಬಟ್ಟೆಯ ಚಳಿ ಎಂದುಕೊಂಡೆ. ಆದರೆ ಅವನು ಕೀಲಿಯನ್ನು ನನ್ನ ಮಡಿಲಿಗೆ ಹಾಕಿ ಸ್ಟಿಯರಿಂಗಿಗೆ ಹಣೆ ಹಚ್ಚಿದ.

"ಯಾಕೋ? ಏನಾತು?"

"ಅಕ್ಕಾ, ಸವಿತಾಗ ಹೇಳಬ್ಯಾಡ."

"ಏನ ಹೇಳಬಾರ್ದು?"

"ನನಗ ಈಜು ಬರೂದಿಲ್ಲ."

ನನಗೆ ತಿಳಿಯಲಿಲ್ಲ. "ಪೂಲ್‌ಗೆ ಹೊಕ್ಕೀನಿ ಅಂದ್ಯಲ್ಲ?"

"ಹೊಕ್ಕೀನಿ. ಎದಿಮಟ ನೀರಾಗ ಅಡ್ಡಾಡತೀನಿ. ಮೊಣಕಾಲ ನೋವಿಗೆ ಛಲೋ ಅಂತ ಡಾಕ್ಟರ್ ಹೇಳ್ಯಾರ. ಅದಕ್ಕಿಂತ ಮುಂದ ಒಮ್ಮೆನೂ ಹೋಗಿಲ್ಲ."

ಏಣಿ ಬಿಟ್ಟ ಐದು ಬೆರಳು ಕಣ್ಣ ಮುಂದೆ ಬಂದವು. ನೀರು ಮುಚ್ಚಿಕೊಂಡದ್ದು ಮತ್ತೆ ಕಂಡಿತು. ದೋಣಿಯಲ್ಲಿ ಹೆದರಿದ್ದು ಏನೂ ಅಲ್ಲ, ನಿಂತ ಕಾರಿನಲ್ಲಿ, ಗಟ್ಟಿ ನೆಲದ ಮೇಲೆ, ನನಗೆ ಈಗ ಹೆದರಿಕೆಯಾಯಿತು. ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದಿದೆ, ಇನ್ನೊಂದು ಗುದ್ದಿದೆ.

"ಮತ್ಯಾಕೋ ಇಳದಿ? ಮತ್ಯಾಕ ಸುಳ್ಳ ಹೇಳಿದಿ, ಭಾಡ್ಯಾ?"

"ನನ್ನಿಂದಾತು, ನನ್ನಿಂದಾತು ಅಂತ ಅಳಾಕತ್ತಿದ್ದಿ. ನೀ ಅತ್ತಿದ್ದು ನಾ ನೋಡೇ ಇರ್ಲಿಲ್ಲ. ಮತ್ತೇನು ಮಾಡ್ಲಿ?"

"ಇಷ್ಟ ವರ್ಷ ಸಮುದ್ರದ ದಂಡಿ ಮ್ಯಾಲ ಇದ್ದೀ, ಕಲೀಬಾರ್ದೇನೋ ಹುಚ್ಚಪ್ಪಾ? ಸಣ್ಣಾಂವ ಇದ್ದಾಗರ ಕಲ್ತಿದ್ರ..."

ಬಸು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ, ಕೆಮ್ಮುತ್ತ ನಗುತ್ತಲೇ ಕೇಳಿದ.

"ಕಲೀಲಾಕ ನೀ ಎಲ್ಲಿ ಬಿಟ್ಟಿ ಅಕ್ಕಾ?"

ನಾನು ಬಿಟ್ಟಿರಲಿಲ್ಲ. ಊರಿನ ಹುಡುಗರೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಹಾರುತ್ತಿದ್ದಾಗ ಬಸುವೂ ಚಡ್ಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಯಾರೋ ಬಂದು ಹೇಳಿದರು. ಓಡಿ ಹೋಗಿ ಎಲ್ಲರ ಎದುರಿಗೆ ಕಿವಿ ಹಿಡಿದು ಮನೆಯವರೆಗೂ ಎಳೆದು ತಂದೆ. ಇನ್ನೊಮ್ಮೆ ನೀರಿನ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ ಎಂದೆ. ಅವ್ವ ಇಲ್ಲದ ಹುಡುಗ, ಇವನೂ ಹೋದರೆ ನಾನು ಏನು ಮಾಡಲಿ ಎಂಬ ಹೆದರಿಕೆ ನನ್ನದು. ಅವನು ಮತ್ತೆ ಹೋಗಲಿಲ್ಲ. ಹುಡುಗರು ಹೆಂಗಸೆಂದು ಆಡಿಕೊಂಡರೂ ಹೋಗಲಿಲ್ಲ. ಅವನನ್ನು ನೀರಿನಿಂದ ಉಳಿಸಿದೆ ಎಂದು ನಲವತ್ತು ವರ್ಷ ಹೆಮ್ಮೆಪಟ್ಟಿದ್ದೆ.

ಅಹ್ಮದಿ, ಈಜುಕೊಳ

ಕೈಗೆ ಐದು ಹೊಲಿಗೆ ಬಿದ್ದವು. ಗಾಜು ತಾಗಿತು ಎಂದು ಸವಿತಾಳಿಗೆ ಹೇಳಿದೆವು. ಅವಳು ನಂಬಲಿಲ್ಲ, ಕೇಳಲೂ ಇಲ್ಲ.

ಮುಂದಿನ ವಾರ ಕಂಪನಿಯ ಈಜುಕೊಳಕ್ಕೆ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಕುಟುಂಬದವರಿಗೆ ಬಿಟ್ಟ ಹೊತ್ತು ಅದು. ಅಲ್ಲಿ ಈಜು ಕಲಿಸಲು ಒಬ್ಬ ಫಿಲಿಪಿನೊ ಹುಡುಗಿ ಇದ್ದಳು, ಕೊರಳಲ್ಲಿ ಸೀಟಿ. ನಲವತ್ತೆಂಟು ವರ್ಷದ ವಿದ್ಯಾರ್ಥಿಯನ್ನು ಒಪ್ಪಿಸಿದೆ. ಅವಳು ನಕ್ಕಳು, ಅದಿತಿ ಮುಖ ಮುಚ್ಚಿಕೊಂಡು "ಓ ಮೈ ಗಾಡ್, ಅತ್ತೆ" ಅಂದಳು. ನಾನು ದಂಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎರಡು ಕೈಯಿಂದಲೂ ಕುರ್ಚಿಯ ಹಿಡಿ ಹಿಡಿದುಕೊಂಡೆ. ನೀಲಿ ನೀರು, ತಳ ಕಾಣುತ್ತಿತ್ತು. ಆದರೂ ಹಿಡಿ ಬಿಡಲಿಲ್ಲ.

ಬಸು ಇಳಿದ. ಮೊಣಕಾಲು, ಸೊಂಟ, ಎದೆ. ಎದೆಮಟ್ಟದ ನೀರಿನಲ್ಲಿ ನಿಂತ. ಆ ಹುಡುಗಿ ಮುಂದಿನಿಂದ ಕೈ ಚಾಚಿ ಕರೆಯುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ತಿರುಗಿ ನನ್ನ ಕಡೆ ನೋಡಿದ.

ನಾನು ಕುರ್ಚಿಯ ಹಿಡಿ ಬಿಟ್ಟು ಎದ್ದು ನಿಂತೆ. ಇಡೀ ಕೊಳಕ್ಕೆ ಕೇಳುವಂತೆ ಹೇಳಿದೆ.

"ಹೋಗು ಬಸು, ಮುಂದ ಹೋಗು."